ಕಳೆಗೆ ಮಂಡಿಯೂರದ ಒಂದು ವರ್ಷ

ಮನೆ ಮುಂದೆ ನಾಲ್ಕು ಮಾರು ನೆಲ ಇದ್ದವರು ತಮಾಷೆಯನ್ನು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಅದೇ ಗೇಟು ತೆರೆದುಕೊಂಡು ಒಳಗೆ ಬರುತ್ತದೆ. ಹಿತ್ತಿಲಿನಲ್ಲಿ ನಾವು ಏನು ಬೇಕಾದರೂ ಮಾಡಿಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಮುಂದಿನ ಅಂಗಳದ ಕಥೆ ಬೇರೆ. ಅಲ್ಲಿ ನೆಲ ನಮ್ಮದಾದರೂ ಅಭಿಪ್ರಾಯ ಬೀದಿಯವರದು.

ನಮ್ಮದು ಲಂಡನ್ನಿನ ಕೆಂಟನ್‌ನಲ್ಲಿ ಒಂದು ಜೋಡಿಮನೆ. ಗೋಡೆಯ ಈ ಕಡೆ ನಾವು, ಆ ಕಡೆ ಒಬ್ಬ ಇಂಗ್ಲಿಷ್ ಅಜ್ಜ. ಮುಂದೆ ಅಂಗೈಯಗಲದ ಹುಲ್ಲುಹಾಸು. ಅದನ್ನು ಹದಿನೇಳು ವರ್ಷ ನಾನೊಬ್ಬಳೇ ಕತ್ತರಿಸಿದೆ. ಅದರ ಅಂಚಿನಲ್ಲಿ ಮಂಡಿಯೂರಿ ಕಳೆ ಕಿತ್ತೆ. ಕೆಲಸಕ್ಕೆ ಪಕ್ಕದ ಕಿಂಗ್ಸ್‌ಬರಿಯ ಒಂದು ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್. ಹಗಲೆಲ್ಲ ಬೇರೆಯವರ ಮಂಡಿನೋವಿನ ಕಥೆ ಕೇಳುವುದು, ಸಂಜೆ ಬಂದು ನನ್ನ ಮಂಡಿ ಸವೆಸುವುದು. ಕೊನೆಗೆ ಬಲಮಂಡಿಗೆ ಆಪರೇಷನ್ ಆಯಿತು. ಫಿಸಿಯೋ ಮಾಡಿಸುವಾಕೆ, "ಇನ್ನು ಮೇಲೆ ಮಂಡಿಯೂರಲೇಬೇಡಿ" ಅಂದಳು. ದೇವರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂರುವವಳು ಹಳದಿ ಹೂವಿನ ಕಳೆಯ ಮುಂದೆ ಮಂಡಿಯೂರುವುದೇ? ಸಾಧ್ಯವಿಲ್ಲ ಅಂತ ಅಂದೇ ತೀರ್ಮಾನ ಮಾಡಿದೆ.

ನಮ್ಮ ಮನೆಯವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಹದಿನೇಳು ವರ್ಷ ಹುಲ್ಲಿನ ಕಡೆ ತಿರುಗಿಯೂ ನೋಡದಿದ್ದವರಿಗೆ ನನ್ನ ಮಂಡಿಯ ಮೇಲೆ ತಟ್ಟನೆ ಕಾಳಜಿ ಹುಟ್ಟಿತು. "ಪೂರ್ತಿ ಕಿತ್ತುಹಾಕಿ ಸಿಮೆಂಟ್ ಬ್ಲಾಕ್ ಹಾಸಿಸಿಬಿಡೋಣ. ನಿನಗೂ ಕೆಲಸ ಇಲ್ಲ, ಕಾರು ನಿಲ್ಲಿಸೋಕೂ ಜಾಗ ಆಗುತ್ತೆ" ಅಂದರು. ನಮ್ಮ ಬೀದಿಯಲ್ಲಿ ಮುಕ್ಕಾಲು ಮನೆಯವರು ಮಾಡಿದ್ದು ಅದನ್ನೇ. ನನಗೆ ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಕಾರಿನ ಮೂತಿ ನೋಡುವುದು ಬೇಡವಾಗಿತ್ತು. ಒಂದಿಷ್ಟು ಹಸಿರು ಬೇಕು, ಆದರೆ ಆ ಹಸಿರು ನನ್ನನ್ನು ಏನೂ ಕೇಳಬಾರದು. ಕಳೆ ತಡೆಯುವ ಕಪ್ಪು ಬಟ್ಟೆ ಹಾಸಿ, ಮೇಲೆ ಜಲ್ಲಿ ಸುರಿದು, ನಡುನಡುವೆ ಗಟ್ಟಿಜೀವದ ನಾಲ್ಕು ಗಿಡ ನೆಡಿಸುತ್ತೇನೆ ಅಂದೆ.

"ಒಂದೇ ತಿಂಗಳು, ನೋಡ್ತಾ ಇರು. ನಿನಗೆ ಸುಮ್ಮನಿರೋಕಾಗಲ್ಲ, ಬಗ್ಗಿ ಕಳೆ ಕೀಳ್ತಾ ಇರ್ತೀಯ" ಅಂದರು.

"ಒಂದು ವರ್ಷ ಬಗ್ಗಲ್ಲ" ಅಂದೆ.

ಹಾಗೆ ಕರಾರಾಯಿತು. ಜೂನ್‌ನಿಂದ ಜೂನ್‌ವರೆಗೆ ಆ ಅಂಗಳದಲ್ಲಿ ನಾನು ಒಂದು ಸಲವೂ ಬಗ್ಗಬಾರದು. ವರ್ಷ ತುಂಬುವ ದಿನ ಅಲ್ಲಿ ಕಳೆಯೂ ಇರಬಾರದು. ಎರಡರಲ್ಲಿ ಒಂದು ತಪ್ಪಿದರೂ ಬ್ಲಾಕ್, ಕಾರು. ಸಾಕ್ಷಿಗೆ ಮಗಳನ್ನು ಕರೆದು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆಸಿದೆವು. ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವಳು. ಬರೆದು ಮುಗಿಸಿ, "ಯು ಟೂ ನೀಡ್ ಎ ಹಾಲಿಡೇ" ಅಂದಳು.

ಒಂದು: ನನ್ನನ್ನು ಏನೂ ಕೇಳದ ಗಿಡ

ಗಿಡ ಮಾರುವ ದೊಡ್ಡ ಅಂಗಡಿಗೆ ಹೋದೆ. ಹಸಿರು ಏಪ್ರನ್ ಕಟ್ಟಿಕೊಂಡ, ತಲೆ ನರೆತ ಒಬ್ಬರು ಬಂದು, "ಎಂಥ ಗಿಡ ಬೇಕು?" ಅಂದರು.

"ನಾನು ಮರೆತರೂ ಸಾಯದೇ ಇರೋದು."

"ಬಿಸಿಲು ಎಷ್ಟು ಬೀಳುತ್ತೆ?"

"ಲಂಡನ್ನಿನಲ್ಲಿ ಎಷ್ಟು ಬೀಳುತ್ತೋ ಅಷ್ಟೇ. ನಾನು ಮೈಸೂರಿನವಳು, ನನ್ನನ್ನು ಕೇಳಿದರೆ ಬೀಳುವುದೇ ಇಲ್ಲ ಅನ್ನುತ್ತೇನೆ."

ಅವರು ಒಂದೊಂದೇ ಗಿಡ ತೋರಿಸತೊಡಗಿದರು. ಇದಕ್ಕೆ ವಾರಕ್ಕೊಮ್ಮೆ ನೀರು ಸಾಕು ಅಂದರು. ಮುಂದಿನದು ಅಂದೆ. ಇದಕ್ಕೆ ಚಳಿಗಾಲದಲ್ಲಿ ಮಾತ್ರ ಹೊದಿಸಬೇಕು ಅಂದರು. ಮಕ್ಕಳಿಗೆ ಹೊದಿಸಿ ಹೊದಿಸಿ ಸಾಕಾಗಿದೆ, ಮುಂದಿನದು ಅಂದೆ. ಮೂರನೆಯದಕ್ಕೆ ಬಸವನಹುಳು ಮುತ್ತುತ್ತವಂತೆ, ಸಂಜೆ ಹೊತ್ತು ಹೋಗಿ ಆರಿಸಬೇಕಂತೆ. ಅದರ ಮುಖವನ್ನೂ ನೋಡದೆ ಮುಂದೆ ಹೋದೆ. ಕೊನೆಗೆ ಅವರು ಲ್ಯಾವೆಂಡರ್ ಎದುರು ನಿಂತು, "ಇದಕ್ಕೆ ನೀರೂ ಬೇಡ, ಗೊಬ್ಬರವೂ ಬೇಡ. ಕೆಟ್ಟ ಮಣ್ಣಿದ್ದರೆ ಇನ್ನೂ ಖುಷಿ. ವರ್ಷಕ್ಕೊಮ್ಮೆ ಹೂ ಮುಗಿದ ಮೇಲೆ ಕತ್ತರಿಸಿದರಾಯಿತು" ಅಂದರು.

"ವರ್ಷಕ್ಕೊಮ್ಮೆಯಾ?" ಅಂತ ಮುಖ ಸಿಂಡರಿಸಿದೆ.

"ನಿಂತುಕೊಂಡೇ ಕತ್ತರಿಸಬಹುದು, ಮೇಡಂ."

"ಕತ್ತರಿಸದೇ ಹೋದರೆ?"

ಅವರು ಆಚೀಚೆ ನೋಡಿ, ಮ್ಯಾನೇಜರ್ ಹತ್ತಿರದಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ, "ನಮ್ಮ ಮನೆಯದನ್ನು ನಾನು ಆರು ವರ್ಷದಿಂದ ಮುಟ್ಟಿಲ್ಲ" ಅಂದರು. ಆರು ಗಿಡ ತೆಗೆದುಕೊಂಡೆ. ಗಾಡಿ ತಳ್ಳಿಕೊಂಡು ಹೊರಡುವಾಗ ಅವರು ಅಭ್ಯಾಸಬಲದಿಂದ, "ಗಾರ್ಡನಿಂಗ್ ನಿಮಗೆ ತುಂಬ ಇಷ್ಟ ಅಂತ ಕಾಣುತ್ತೆ" ಅಂದುಬಿಟ್ಟರು. ಅಂದ ಮೇಲೆ ತಾವೇ ಕ್ಷಮೆ ಕೇಳಿದರು.

ಎರಡು: ಒಂದು ಟನ್ ಜಲ್ಲಿ

ಹುಲ್ಲು ಕಿತ್ತು, ಕಪ್ಪು ಬಟ್ಟೆ ಹಾಸಿ, ಗಿಡ ನೆಟ್ಟುಕೊಟ್ಟ ಕೆಲಸದವರು ಜಲ್ಲಿ ಬರುವ ಮುಂಚೆಯೇ ಬೇರೆ ಮನೆಯ ಕೆಲಸಕ್ಕೆ ಹೊರಟುಹೋದರು. ಜಲ್ಲಿ ಶನಿವಾರ ಬೆಳಿಗ್ಗೆ ಬಂತು. ಆನೆಮರಿಯಷ್ಟು ದೊಡ್ಡ ಒಂದೇ ಚೀಲ. ಲಾರಿಯವನು ಕ್ರೇನಿನಲ್ಲಿ ಎತ್ತಿ ಫುಟ್‌ಪಾತ್ ಮೇಲೆ ಕೂರಿಸಿದ. "ಒಳಗೆ ಹಾಕಪ್ಪ" ಅಂದರೆ, "ಫುಟ್‌ಪಾತ್‌ವರೆಗೆ ಮಾತ್ರ ನನ್ನ ಕೆಲಸ" ಅಂದ. ಸಂಜೆಯೊಳಗೆ ಎತ್ತದಿದ್ದರೆ ಕೌನ್ಸಿಲ್‌ನವರಿಗೆ ಯಾರಾದರೂ ದೂರು ಕೊಡುವುದು ಖಂಡಿತ. ನಮ್ಮ ಮನೆಯವರು ಆಸ್ಪತ್ರೆಯಿಂದ ಫೋನಿನಲ್ಲಿ, "ಇದಕ್ಕೇ ಬ್ಲಾಕ್ ಅಂದಿದ್ದು" ಅಂದರು. ಅಷ್ಟು ಹೇಳಿದ್ದೇ ಸಾಕು, ನನಗೆ ಹಟ ಬಂತು.

ಅದೃಷ್ಟಕ್ಕೆ ಅವತ್ತೇ ಮನೆಯಲ್ಲಿ ಹದಿನಾಲ್ಕು ಜನಕ್ಕೆ ಬಿಸಿಬೇಳೆಬಾತಿನ ಊಟ. ಎಲ್ಲರೂ ನಮ್ಮ ಕನ್ನಡದವರೇ, ಹೆಚ್ಚಿನವರು ಡಾಕ್ಟರುಗಳು. ಒಬ್ಬೊಬ್ಬರಾಗಿ ಬಂದರು. ಬಾಗಿಲಲ್ಲಿ ಚಪ್ಪಲಿ, ಶೂ ಬಿಟ್ಟರು. ಬಿಟ್ಟ ಕೂಡಲೇ ಕೈಗೊಂದು ಬಕೆಟ್ ಕೊಟ್ಟೆ. "ತಲೆಗೆ ಐದು ಬಕೆಟ್. ಮುಗಿಸಿದವರಿಗೆ ಎಲೆ ಹಾಕ್ತೀನಿ" ಅಂದೆ. ನಕ್ಕರು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಗ್ಗರಣೆಯ ವಾಸನೆ ಹೊರಗೆ ಹೋಗುವಷ್ಟು ಕಿಟಕಿ ಮಾತ್ರ ತೆರೆದಿಟ್ಟೆ.

ಹತ್ತು ನಿಮಿಷಕ್ಕೆ ಸಾಲು ಕಟ್ಟಿತು. ರೇಷ್ಮೆ ಜುಬ್ಬಾದ ಹೃದಯದ ಡಾಕ್ಟರು ಬೇರೆಯವರಿಗೆಲ್ಲ, "ನಿಮ್ಮ ವಯಸ್ಸಿಗೆ ಮೂರು ಸಾಕು" ಅಂತ ಸಲಹೆ ಕೊಡುತ್ತ ತಮ್ಮದನ್ನೂ ಮೂರಕ್ಕೆ ನಿಲ್ಲಿಸಲು ನೋಡಿದರು. ಅವರ ಹೆಂಡತಿ ಬಿಡಲಿಲ್ಲ. ಬರಿಗಾಲಿನಲ್ಲಿ ಜಲ್ಲಿ ತುಳಿದು ಎಲ್ಲರೂ "ಹಾ, ಹೂ" ಅಂತ ಕುಣಿಯುತ್ತಿದ್ದರು. ಶೂ ಹಾಕಿಕೊಳ್ಳಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಊಟಕ್ಕೆ ಬಂದ ಮನೆಯಲ್ಲಿ ಒಂದು ಸಲ ಬಿಟ್ಟದ್ದನ್ನು ಎಲೆ ಎತ್ತುವವರೆಗೆ ಮತ್ತೆ ಹಾಕಿಕೊಂಡು ನಮಗೆ ಗೊತ್ತೇ ಇಲ್ಲ.

ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ಬೇಲಿಯ ಹತ್ತಿರ ಬಂದು ನೋಡುತ್ತಲೇ ನಿಂತರು. ನಾನು ಹೊರಗೆ ಬಂದಾಗ ಮೆಲ್ಲಗೆ, "ಇದು ನಿಮ್ಮ ಧಾರ್ಮಿಕ ವಿಧಿಯೇ?" ಅಂತ ಕೇಳಿದರು. ನನಗೆ ವಿವರಿಸುವಷ್ಟು ಪುರುಸೊತ್ತಿರಲಿಲ್ಲ. "ಹೌದು" ಅಂದುಬಿಟ್ಟೆ.

ಅವರು ತಲೆಯಾಡಿಸಿ ಒಳಗೆ ಹೋದರು. ಐದು ನಿಮಿಷದಲ್ಲಿ ತಮ್ಮದೇ ಬಕೆಟ್ ಹಿಡಿದು, ಶೂ, ಕಾಲುಚೀಲ ಎರಡನ್ನೂ ಬಿಚ್ಚಿಟ್ಟು, ಪ್ಯಾಂಟನ್ನು ಮಡಚಿಕೊಂಡು, ಬಹಳ ಭಕ್ತಿಯಿಂದ ಸಾಲಿನ ಕೊನೆಯಲ್ಲಿ ನಿಂತರು. ಐದರ ಮೇಲೆ ಎರಡು ಹೆಚ್ಚೇ ಹೊತ್ತರು. ಅವರಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿದೆ.

ಮೂರು: ಧಾರವಾಡದವರ ಮಾತು

ಹತ್ತಿರದ ಹ್ಯಾರೋದಲ್ಲಿ ನನ್ನ ಗೆಳತಿಯೊಬ್ಬರಿದ್ದಾರೆ, ಧಾರವಾಡದವರು. ಅನ್ನಿಸಿದ್ದನ್ನು ಅನ್ನದೆ ಮನೆಗೆ ಹೋಗಿ ಅವರಿಗೆ ಅಭ್ಯಾಸವಿಲ್ಲ. ಜಲ್ಲಿ ಹರಡಿ ವಾರವಾಗಿತ್ತು, ಬಂದವರು ಗೇಟಿನಲ್ಲೇ ನಿಂತರು.

"ಇದೇನ್ರೀ ಇದು, ಅಂಗಳಾ ಮಾಡೀರೋ, ಗೋರಿ ಕಟ್ಟೀರೋ?"

"ಚೆನ್ನಾಗಿಲ್ವಾ?" ಅಂದೆ.

"ಛಲೋ ಐತಿ ಬಿಡ್ರಿ. ಖರೇ ಹೇಳ್ಬೇಕಂದ್ರ, ಒಳಗ ಯಾರ ಮಲಗ್ಯಾರ ಅಂತ ಕೇಳ್ಬೇಕನಸ್ತದ."

"ಹದಿನೇಳು ವರ್ಷದ ನನ್ನ ಭಾನುವಾರಗಳೆಲ್ಲ ಮಲಗಿವೆ" ಅಂದೆ.

ಅವರು ಗೇಟು ದಾಟಿ ಒಳಗೆ ಬಂದರು. ಅವರ ಮನೆ ಮುಂದಿನ ಹುಲ್ಲಿಗೂ ಗುಲಾಬಿಗೂ ಅವರೇ ಆಳು. ಚಹಾ ಕುಡಿಯುವಾಗ ಗಂಡ, ಮಕ್ಕಳು, ಸೊಂಟನೋವು ಎಲ್ಲದರ ಮಾತೂ ಆಯಿತು. ಹೊರಡುವಾಗ ಮತ್ತೆ ಜಲ್ಲಿಯ ಮುಂದೆ ನಿಂತು, ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಆ ಗೋರಿಯವರ ನಂಬರ್ ಕೊಡ್ರಿ ಒಂದೀಟು" ಅಂದರು.

ನಾಲ್ಕು: ಪೋಸ್ಟ್‌ಮನ್ ಮತ್ತು ಓಲೆ

ಚಳಿಗಾಲ ಬಂತು. ಲ್ಯಾವೆಂಡರ್ ನನ್ನನ್ನು ಏನೂ ಕೇಳಲಿಲ್ಲ, ನಾನೂ ಅದನ್ನು ಏನೂ ಕೇಳಲಿಲ್ಲ. ನಮ್ಮ ಮನೆಯವರು ಮಾತ್ರ ರಜೆ ಇದ್ದ ದಿನ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ಕಾವಲು ಕೂರುವುದನ್ನು ಬಿಡಲಿಲ್ಲ.

ಅಂಥ ಒಂದು ದಿನ ಕಸದ ಡಬ್ಬ ಎಳೆದಿಟ್ಟು ಬರುವಾಗ ಸ್ಕಾರ್ಫ್ ಎಳೆದುಕೊಂಡೆ. ಕಿವಿಯ ಓಲೆ ಟಣ್ ಅಂತ ಜಲ್ಲಿಗೆ ಬಿತ್ತು. ಮದುವೆಯಲ್ಲಿ ಅಮ್ಮ ಹಾಕಿದ ವಜ್ರದೋಲೆ. ಹೊಳೆಯುವುದೇನೋ ನಿಜ, ಆದರೆ ಮಳೆ ನಿಂತ ಮೇಲೆ ಒಂದು ಟನ್ ಜಲ್ಲಿಯೂ ಹೊಳೆಯುತ್ತದೆ. ಬಗ್ಗಿದರೆ ಕರಾರು ಮುರಿಯಿತು. ಕಿಟಕಿಯ ಕಡೆ ನೋಡಿದೆ. ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತ್ತು.

ನಾನು ಅಲ್ಲಾಡಲಿಲ್ಲ. ಒಂದು ಹೆಜ್ಜೆ ಇಟ್ಟರೂ ಓಲೆ ಜಲ್ಲಿಯ ಕೆಳಗೆ ಹೋಗುತ್ತದೆ. ಮೂವತ್ತೈದು ನಿಮಿಷ ನಿಂತಲ್ಲೇ ನಿಂತೆ. ಅವರು ಕಿಟಕಿ ತೆರೆದು, "ಏನಾಯ್ತು?" ಅಂದರು. "ಗಾಳಿ ತಗೊಳ್ತಿದ್ದೀನಿ" ಅಂದೆ. "ನಾಲ್ಕು ಡಿಗ್ರಿ ಇದೆ" ಅಂದರು. "ಹಿತವಾಗಿದೆ" ಅಂದೆ. ಹಲ್ಲು ಕಟಕಟ ಅನ್ನುತ್ತಿದ್ದವು. ಓಲೆ ಹೋದರೆ ಅಮ್ಮನಿಗೆ ಏನು ಹೇಳಲಿ ಅಂತ ಒಳಗೊಳಗೇ ಅಳುವೂ ಬರುತ್ತಿತ್ತು.

ಅಷ್ಟರಲ್ಲಿ ಪೋಸ್ಟ್‌ಮನ್ ಬಂದ. ವಿಷಯ ಹೇಳಿದೆ. ಚೀಲ ಇಳಿಸಿ, ನನ್ನ ಕಾಲ ಬುಡದಲ್ಲಿ ಎರಡು ಮಂಡಿಯನ್ನೂ ಊರಿ, ಒಂದೊಂದೇ ಕಲ್ಲು ಸರಿಸಿ ಹುಡುಕಿ ಓಲೆ ಎತ್ತಿಕೊಟ್ಟ. ಕಣ್ಣಿಗೊತ್ತಿಕೊಂಡೆ. ಅವನು ಏಳುವಾಗ ಗೋಡೆಯ ಬದಿಯಲ್ಲಿ ಎಲ್ಲಿಂದಲೋ ಚಿಗುರಿದ್ದ ಒಂದು ಕಳೆ ಕಂಡಿತು. "ಬಗ್ಗಿದ್ದೀನಲ್ಲ, ಇದನ್ನೂ ತೆಗೀಲಾ?" ಅಂತ ಕೇಳಿ ಕಿತ್ತುಹಾಕಿದ.

ನಮ್ಮ ಮನೆಯವರು ಚಪ್ಪಲಿಯೂ ಇಲ್ಲದೆ ಹೊರಗೆ ಓಡಿಬಂದು, "ಅದು ನಡೆಯಲ್ಲ, ಹೊರಗಿನವರ ಸಹಾಯ ನಡೆಯಲ್ಲ" ಅಂದರು.

ಪೋಸ್ಟ್‌ಮನ್ ಕೈಯಲ್ಲಿದ್ದ ಕಳೆಯನ್ನೂ ಅವರ ಮುಖವನ್ನೂ ನೋಡಿದ. "ಸಾರಿ ಡಾಕ್ಟರ್, ಇದು ನೀವು ಬೆಳೆಸಿದ್ದಾ?" ಅಂದ.

ಐದು: ಸಾಸಿವೆ

ಏಪ್ರಿಲ್‌ನಲ್ಲಿ ಮೈಸೂರಿನಿಂದ ಅತ್ತೆ ಬಂದರು. ಎರಡು ವರ್ಷಕ್ಕೊಮ್ಮೆ ಬೇಸಿಗೆಗೆ ಬಂದು ಆರು ತಿಂಗಳು ಇದ್ದು ಹೋಗುತ್ತಾರೆ. ಬಂದವರೇ ಅಂಗಳ ನೋಡಿ, "ಎಷ್ಟು ಚೊಕ್ಕವಾಗಿದೆ ಕಣೇ" ಅಂದರು. ಕರಾರಿನ ವಿಷಯ ಕೇಳಿ ನನ್ನ ಪಕ್ಷಕ್ಕೆ ನಿಂತರು. ಮಗನಿಗೆ, "ಆ ಕಾರು ಬೀದೀಲಿ ನಿಂತರೆ ಚಳಿಯಾಗುತ್ತೇನೋ?" ಅಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆದರೆ ಅತ್ತೆಗೆ ಒಂದು ಚಿಂತೆ ಹತ್ತಿತು. ಹೋಗಿಬರುವವರೆಲ್ಲ ನಿಂತು ನೋಡುತ್ತಾರೆ. ಇಷ್ಟು ಜನರ ಕಣ್ಣು ಬಿದ್ದರೆ ಅಂಗಳ ಉಳಿಯುತ್ತದೆಯೇ? ಒಂದು ಶುಕ್ರವಾರ ಸಾಸಿವೆ, ಉಪ್ಪು, ಒಣಮೆಣಸಿನಕಾಯಿ ಹಿಡಿದು ಗೇಟಿನಲ್ಲಿ ನಿಂತು, ಅಂಗಳಕ್ಕೆ ಮೂರು ಸುತ್ತು ನಿವಾಳಿಸಿ ದೃಷ್ಟಿ ತೆಗೆದು, ಒಳಗೆ ತಂದು ಒಲೆಗೆ ಹಾಕಿದರು. ಹೊಗೆ ಎದ್ದು ಅಲಾರಂ ಕಿರುಚಿ, ಪಕ್ಕದ ಮನೆಯ ಅಜ್ಜ ಬಕೆಟ್ ಹಿಡಿದು ಓಡಿಬಂದು, ನಮಗೆಲ್ಲ ಕೆಮ್ಮು ಹತ್ತಿ ರಂಪವಾಯಿತು. "ಅಮ್ಮ, ಮನೆಯೊಳಗೆ ಇನ್ನು ಇದು ಬೇಡ" ಅಂದರು ನಮ್ಮ ಮನೆಯವರು. ಅತ್ತೆ ಮಗನ ಮಾತು ಮೀರುವವರಲ್ಲ. ಅಲ್ಲಿಂದ ಮುಂದೆ ಮಂಗಳವಾರ, ಶುಕ್ರವಾರ ದೃಷ್ಟಿ ತೆಗೆದು, ಒಲೆಗೆ ಹಾಕುವ ಬದಲು ಅಲ್ಲೇ ಜಲ್ಲಿಯ ಮೇಲೆ ಎರಚಿ ಬಂದರು. ನನಗೆ ಇದು ಗೊತ್ತಿರಲಿಲ್ಲ.

ಲಂಡನ್ನಿನ ಮಳೆ ಬಿಟ್ಟು ಬಿಟ್ಟು ಸುರಿಯಿತು. ಬೆಂಕಿಗೆ ಬಿದ್ದು ಚಟಪಟ ಅನ್ನಬೇಕಾಗಿದ್ದ ಸಾಸಿವೆ ಮೊಳೆಯಿತು. ಜಲ್ಲಿ ಬಿಸಿಲಿಗೆ ಬೆಚ್ಚಗಿತ್ತು, ಕೆಳಗೆ ಬಟ್ಟೆ ತೇವವಾಗಿತ್ತು, ಅದಕ್ಕೆ ಇನ್ನೇನು ಬೇಕು? ಮೇ ಮುಗಿಯುವ ಹೊತ್ತಿಗೆ ಮೊಣಕಾಲೆತ್ತರದ ಸೊಂಪಾದ ಸಾಸಿವೆ ಗಿಡಗಳು ಅರ್ಧ ಅಂಗಳ ತುಂಬಿದವು. ಬೀಜ ಎಸೆದವರು ಅತ್ತೆ ಅಂತ ಆಗ ತಿಳಿಯಿತು. ಬಯ್ಯುವುದು ಹೇಗೆ? ನನ್ನ ಒಳ್ಳೆಯದಕ್ಕೇ ಮಾಡಿದ್ದು.

ನಮ್ಮ ಮನೆಯವರು ಎರಡು ಕೈಯನ್ನೂ ಸೊಂಟದ ಮೇಲಿಟ್ಟು ನಿಂತರು. "ಇನ್ನು ನಾಲ್ಕು ದಿನ. ಇದು ಕಳೆ ತಾನೇ? ಬಗ್ಗು."

"ಇದು ಕಳೆಯಲ್ಲ, ನಿಮ್ಮ ತಾಯಿ ತೆಗೆದ ದೃಷ್ಟಿ. ತೆಗೆದ ದೃಷ್ಟಿಯನ್ನ ಮುಟ್ಟಬಾರದು. ಧೈರ್ಯ ಇದ್ದರೆ ನೀವೇ ಕೀಳಿ."

"ನಾನು ಡಾಕ್ಟರು, ಇಂಥದ್ದನ್ನೆಲ್ಲ ನಂಬಲ್ಲ" ಅಂತ ಅವರು ಬಗ್ಗಿಯೇಬಿಟ್ಟರು. ಬಾಗಿಲಿನಿಂದ ಅತ್ತೆ, "ಮುಟ್ಟಬೇಡ ಕಣೋ. ಬೀದಿಯವರ ಕಣ್ಣೆಲ್ಲ ನಿನಗೇ ಅಂಟುತ್ತೆ" ಅಂದರು. ಚಾಚಿದ ಕೈ ಹಿಂದೆ ಬಂತು. "ನಂಬಿಕೆ ಪ್ರಶ್ನೆ ಅಲ್ಲ, ನಾಳೆ ಆಪರೇಷನ್ ಲಿಸ್ಟ್ ದೊಡ್ಡದಿದೆ" ಅಂದರು. ನಂತರ ಒಳಗೆ ಹೋಗಿ ಬ್ಲಾಕ್ ಹಾಸುವ ಕಂಟ್ರಾಕ್ಟರ್‌ಗೆ ಫೋನ್ ಮಾಡಿ, ವರ್ಷ ತುಂಬುವ ದಿನಕ್ಕೇ ಅಳತೆಗೆ ಬರಲು ಹೇಳಿದರು.

ಆ ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲ. ಒಂದು ವರ್ಷ ಚಳಿಯಲ್ಲಿ ನಿಂತೆ, ಊರವರ ಮಾತು ಕೇಳಿದೆ, ಕೊನೆಗೆ ಕಾರಿನ ಮೂತಿ ನೋಡಿಕೊಂಡೇ ಏಳಬೇಕಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಆದರೂ ಬಗ್ಗಲಿಲ್ಲ. ಸೋಲುವುದಾದರೆ ನೆಟ್ಟಗೆ ನಿಂತೇ ಸೋಲುತ್ತೇನೆ ಅಂದುಕೊಂಡೆ.

ಕಂಟ್ರಾಕ್ಟರ್ ಬಂದರು. ಪಂಜಾಬಿನ ಹಿರಿಯರು, ಬಿಳಿ ಗಡ್ಡ, ಕೈಯಲ್ಲಿ ಅಳತೆ ಟೇಪು. ಗೇಟು ತೆಗೆದವರು ಟೇಪು ಬಿಚ್ಚಲೇ ಇಲ್ಲ. ಒಂದು ಎಲೆ ಮುರಿದು ಮೂಸಿದರು. "ಬೆಹನ್‌ಜೀ, ಇದನ್ನು ಬೆಳೆದವರು ಯಾರು?" ಅಂತ ಹಿಂದಿಯಲ್ಲಿ ಕೇಳಿದರು.

"ಯಾರೂ ಬೆಳೆದಿಲ್ಲ, ತಾನಾಗಿ ಬಂತು" ಅಂದೆ.

"ನಾನು ಹಿತ್ತಿಲಲ್ಲಿ ಮೂರು ವರ್ಷದಿಂದ ಒದ್ದಾಡ್ತಿದ್ದೀನಿ, ಹೀಗೆ ಬರೋದೇ ಇಲ್ಲ. ಬ್ಲಾಕ್ ಕೆಳಗೆ ಹೋಗೋ ಸೊಪ್ಪು, ನಾನು ತಗೊಳ್ಲಾ?"

ಅತ್ತೆ ಬಾಗಿಲಲ್ಲಿ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ, ಅದೇನು ಅಂತ ಅವರಿಗೆ ಹೇಳೇ." ಹೇಳಿದೆ. ಮುಚ್ಚಿಡುವುದು ಸರಿಯಲ್ಲ. ಅವರು ಗಡ್ಡ ಅಲ್ಲಾಡುವಂತೆ ನಕ್ಕು, "ಮಾತಾಜೀ, ಬೆಣ್ಣೆಯಲ್ಲಿ ಎರಡು ಗಂಟೆ ಬೆಂದ ಮೇಲೆ ಯಾರ ಕಣ್ಣೂ ಉಳಿಯೋದಿಲ್ಲ" ಅಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೆ ಮಂಡಿ ಹದಿನೆಂಟರದ್ದು. ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗಿಡವನ್ನು ಬೇರುಸಹಿತ ಕಿತ್ತು, ಬೇರು ಮುರಿದು, ಮಣ್ಣು ಕೊಡವಿ ಎರಡು ಚೀಲ ತುಂಬಿದರು. ಬೇರಿನ ಚೂರನ್ನೂ ಬಿಡದೆ ಆರಿಸಿಕೊಂಡು, ಜಲ್ಲಿಯನ್ನು ಅಂಗೈಯಿಂದ ಸಮ ಮಾಡಿದರು.

ಸ್ನಾನ ಮುಗಿಸಿ ಹೊರಗೆ ಬಂದ ನಮ್ಮ ಮನೆಯವರು, "ಅಳತೆ ಆಯ್ತಾ?" ಅಂದರು.

"ಸಾಬ್, ಇಂಥ ನೆಲಕ್ಕೆ ಬ್ಲಾಕ್ ಹಾಕೋಕೆ ನನ್ನ ಕೈ ಬರಲ್ಲ" ಅಂತ ಕಂಟ್ರಾಕ್ಟರ್ ಚೀಲಗಳನ್ನು ವ್ಯಾನಿಗಿಟ್ಟುಕೊಂಡು ಹೊರಟೇಹೋದರು. ನಾನು ಗೇಟಿನ ಹತ್ತಿರ ನೆಟ್ಟಗೆ ನಿಂತಿದ್ದೆ. ಅಂಗಳದಲ್ಲಿ ಆರು ಲ್ಯಾವೆಂಡರ್ ಬಿಟ್ಟರೆ ಒಂದು ಹಸಿರು ಕಡ್ಡಿ ಇರಲಿಲ್ಲ. ನಮ್ಮ ಮನೆಯವರು ನಾಲ್ಕು ಮೂಲೆಯನ್ನೂ ನೋಡಿದರು, ನನ್ನ ಮಂಡಿಯನ್ನೂ ನೋಡಿದರು. ಒಳಗೆ ಹೋಗಿ ಕ್ಯಾಲೆಂಡರ್ ಹಾಳೆ ಮಗುಚಿದರು. ಬ್ಲಾಕಿನ ಮಾತನ್ನು ಮತ್ತೆ ಎತ್ತಲಿಲ್ಲ.

ಎರಡು ದಿನ ಬಿಟ್ಟು ವ್ಯಾನು ಮತ್ತೆ ಬಂತು. ಕಂಟ್ರಾಕ್ಟರ್ ಹೆಂಡತಿ ಒಂದು ಡಬ್ಬಿ ಕಳಿಸಿದ್ದರು. ಅದೇ ಸಾಸಿವೆ ಸೊಪ್ಪು, ಮೇಲೆ ಬೆಣ್ಣೆ, ಜೊತೆಗೆ ಬಿಸಿ ಬಿಸಿ ಮೆಕ್ಕೆಜೋಳದ ರೊಟ್ಟಿ. ಮಗಳು ಹೊರಗೆ ಹೋಗಿದ್ದಳು. ಡಬ್ಬಿಯನ್ನು ಮೇಜಿನ ನಡುವೆ ಇಟ್ಟು ಮಿಕ್ಕ ಮೂವರೂ ಕೂತೆವು. ಅತ್ತೆ, "ನನಗೆ ಇವತ್ತು ಏಕಾದಶಿ" ಅಂದರು. ಅಂದು ಬರೀ ಅಷ್ಟಮಿ. ನಮ್ಮ ಮನೆಯವರು ಆಸ್ಪತ್ರೆಯಲ್ಲೇ ತಿಂದು ಬಂದೆ ಅಂದರು. ಅವತ್ತು ಅವರಿಗೆ ರಜೆ.

ನಾನು ತಟ್ಟೆ ಎಳೆದುಕೊಂಡು ಬಡಿಸಿಕೊಂಡೆ. ಒಂದು ರೊಟ್ಟಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದಾಗ ಅವರಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟು ಕಳವಳದ ದನಿಯನ್ನು ನಾನು ಕೇಳಿರಲಿಲ್ಲ. "ಬೀದಿಯವರ ಕಣ್ಣೆಲ್ಲ ಅದರಲ್ಲೇ ಇದೆ ಅಂತಾರೆ ಅಮ್ಮ. ನಿನಗೆ ಏನೂ ಅನ್ನಿಸ್ತಿಲ್ವಾ?"

ನಿಧಾನವಾಗಿ ಅಗಿದು ನುಂಗಿ, "ಅನ್ನಿಸ್ತಿದೆ. ಉಪ್ಪು ಒಂಚೂರು ಕಮ್ಮಿ" ಅಂದೆ.